ತೂರಿಸಲು ಮರೆತ ಸ್ಲೀವ್

ಚಿನಕುರಳಿ ಉಸಿರು ಬಿಗಿಹಿಡಿದು ಸಾಲ್ಡರಿಂಗ್ ಕಡ್ಡಿಯನ್ನು ಮೇಲೆತ್ತಿದಳು. ತಂತಿಯ ಎರಡು ತುದಿಗಳು ಸೇರಿದ ಜಾಗದಲ್ಲಿ ಬೆಸುಗೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅವಳು ಒಬ್ಬಳೇ ಹಾಕಿದ ಮೊದಲ ಬೆಸುಗೆ ಅದು. ಪಿ.ಟಿ. ಮಿಸ್‌ಗೆ ತೋರಿಸಲೇಬೇಕು ಎಂದುಕೊಂಡು ಹಿಗ್ಗಿದಳು.

ಆ ತಂತಿಯಿದ್ದ ಕಾರು ಪಿ.ಟಿ. ಮಿಸ್ಸಿನದೇ. ಎರಡೇ ಸೀಟಿನ, ಹಳೇ ಕೆಂಪು ಸ್ಪೋರ್ಟ್ಸ್ ಕಾರು. ನೋಡಲು ಭಾರೀ ಠೀವಿ. ಆದರೆ ಎಂಜಿನ್ ಬಿಸಿಯಾದರೆ ಸಾಕು, ಗಪ್ಪನೆ ನಿಂತುಬಿಡುತ್ತಿತ್ತು. ಮೊನ್ನೆ ಸ್ಕೂಲ್ ಗೇಟಿನ ಎದುರೇ ನಿಂತಾಗ ಇಡೀ ಕ್ಲಾಸು ಬಿದ್ದು ಬಿದ್ದು ನಗುತ್ತ ತಳ್ಳಿತ್ತು. ಮಿಸ್ ಕೂಡ ನಕ್ಕರು, ಆದರೆ ಅವರ ಮುಖ ಸಣ್ಣಗಾಗಿತ್ತು. ಅದನ್ನು ನೋಡಲಾರದೆ ಚಿನಕುರಳಿ, ನಮ್ಮಮ್ಮ ರಿಪೇರಿ ಮಾಡಿದರೆ ಇದು ಇನ್ನು ನಿಲ್ಲೋದೇ ಇಲ್ಲ ಎಂದು ಎಲ್ಲರೆದುರು ಜಂಬ ಕೊಚ್ಚಿದ್ದಳು.

ಅಮ್ಮ ಕಾರುಗಳ ಎಲೆಕ್ಟ್ರಿಷಿಯನ್. ತನ್ನ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಹುಡುಕಿ, ಕೊನೆಗೆ ಒಂದು ಸೆನ್ಸರ್ ಹತ್ತಿರ ಕೈಯಿಟ್ಟಿದ್ದಳು. ಎಂಜಿನ್ ತಿರುಗುತ್ತಿದೆ ಎಂದು ಕಾರಿನ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವ ಸೆನ್ಸರ್ ಅದು. ಅದರ ತಂತಿಗಳ ಹೊದಿಕೆ ವರ್ಷಗಟ್ಟಲೆ ಕಾವು ತಿಂದು ಪುಡಿಪುಡಿಯಾಗಿತ್ತು. ಒಂದು ತಂತಿಯ ಹಾಳಾದ ಭಾಗವನ್ನು ಕತ್ತರಿಸಿ ತೆಗೆದು ಅಮ್ಮ ಕೂಡಿಸಿದಳು. ಅಷ್ಟರಲ್ಲಿ ಹೊರಗೆ ಗಿರಾಕಿ ಬಂದರು. ಇನ್ನೊಂದನ್ನು ನೀನೇ ಕೂಡಿಸು ಎಂದು ಮಗಳಿಗೆ ಹೇಳಿ ಹೋದಳು.

ಹೊಳೆಯುವ ಬೆಸುಗೆಯನ್ನು ನೋಡುತ್ತಿದ್ದ ಚಿನಕುರಳಿಯ ಕಣ್ಣು ಮೇಜಿನ ಮೇಲೆ ಬಿತ್ತು. ಅಲ್ಲಿ ಕಪ್ಪು ಸ್ಲೀವ್ ಹಾಯಾಗಿ ಮಲಗಿತ್ತು. ಅದನ್ನು ತಂತಿಗೆ ತೂರಿಸಲು ಮರೆತೇಬಿಟ್ಟಿದ್ದಳು.

ಸ್ಲೀವ್ ಎಂದರೆ ಪುಟ್ಟ ಕೊಳವೆ. ಬಿಸಿಗಾಳಿ ಬಿಟ್ಟರೆ ಕುಗ್ಗಿ ಬೆಸುಗೆಯನ್ನು ಗಟ್ಟಿಯಾಗಿ ತಬ್ಬಿಕೊಳ್ಳುತ್ತದೆ. ಆದರೆ ಅದನ್ನು ತಂತಿ ಕೂಡಿಸುವ ಮೊದಲೇ ತೂರಿಸಿಡಬೇಕು. ಕೂಡಿಸಿದ ಮೇಲೆ ತೂರಿಸಲು ತಂತಿಗೆ ತುದಿಯೇ ಇರುವುದಿಲ್ಲ.

ಬೆಸುಗೆ ಕತ್ತರಿಸಬೇಕು, ಇಲ್ಲವೇ ಟೇಪ್ ಸುತ್ತಬೇಕು. ಕತ್ತರಿಸಲು ಮನಸ್ಸೇ ಬರಲಿಲ್ಲ. ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ, ಟೇಪನ್ನು ಅಚ್ಚುಕಟ್ಟಾಗಿ ಸುತ್ತಿಬಿಟ್ಟಳು.

ಸಂಜೆ ಮಿಸ್ ಬಂದರು. ಅಮ್ಮ ಕೀ ತಿರುಗಿಸಿದಳು. ಕಾರು ಗುರ್ ಎಂದು ಸ್ಟಾರ್ಟ್ ಆಯಿತು. ಈ ಬೆಸುಗೆ ಹಾಕಿದ್ದು ಇವಳೇ ಎಂದು ಅಮ್ಮ ಹೇಳಿದಾಗ ಮಿಸ್ ಅವಳ ಬೆನ್ನು ತಟ್ಟಿದರು. ಚಿನಕುರಳಿಯ ಕಣ್ಣು ಮಾತ್ರ ಟೇಪಿನ ಮೇಲೇ ಇತ್ತು.

ಎಂಜಿನ್ ಬಿಸಿಯಾದರೆ ಟೇಪಿನ ಅಂಟು ಕರಗುತ್ತದೆ. ಬರಿ ತಂತಿ ಕಬ್ಬಿಣಕ್ಕೆ ತಾಗಿ ಕಾರು ನಿಂತುಬಿಡುತ್ತದೆ. ನಾಳೆ ಮತ್ತೆ ಅದೇ ಗೇಟಿನ ಮುಂದೆ ಮಿಸ್ ತಲೆ ತಗ್ಗಿಸಬೇಕಾಗುತ್ತದೆ.

"ಅಮ್ಮ, ಆಫ್ ಮಾಡು," ಎಂದಳು. "ನಾನು ಸ್ಲೀವ್ ಹಾಕೋದು ಮರ್ತೆ. ಟೇಪ್ ಸುತ್ತಿದೀನಿ."

ಅಮ್ಮ ಎಂಜಿನ್ ಆಫ್ ಮಾಡಿ ಅವಳನ್ನೇ ನೋಡಿದಳು. ಚಿನಕುರಳಿಗೆ ಅಳುವೇ ಬಂತು. ಅಮ್ಮ ಕಟರ್ ತೆಗೆದು ಅವಳ ಕೈಗಿಟ್ಟಳು.

"ಹೋದ ವಾರ ನಾನೂ ಮರ್ತಿದ್ದೆ. ಎರಡು ಸಲ. ನಾನೇನೂ ನಿಂಗೆ ಹೇಳ್ಲಿಲ್ಲ, ಅಷ್ಟೇ," ಎಂದಳು. ಮಿಸ್ ನಗುತ್ತ ಸ್ಟೂಲ್ ಎಳೆದುಕೊಂಡು ಕೂತರು. ತಮಗೇನೂ ಅವಸರವಿಲ್ಲ, ತಳ್ಳಿಸಿಕೊಂಡು ಮನೆಗೆ ಹೋಗುವುದಕ್ಕಿಂತ ಇದೇ ಮೇಲು ಎಂದರು.

ಚಿನಕುರಳಿ ತನ್ನ ಬೆಸುಗೆಯನ್ನು ತಾನೇ ಕತ್ತರಿಸಿದಳು. ಟಕ್ ಎಂದಿತು. ತಂತಿ ಗಿಡ್ಡವಾಗಿದ್ದರಿಂದ ನಡುವೆ ಒಂದು ತುಂಡು ಸೇರಿಸಬೇಕಾಯಿತು. ಈಗ ಬೆಸುಗೆ ಎರಡು, ಸ್ಲೀವೂ ಎರಡು. ಎರಡನ್ನೂ ಮೊದಲೇ ತೂರಿಸಿ, ಸರಿಯಾಗಿವೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಳು. ಬಿಸಿಗಾಳಿಗೆ ಸ್ಲೀವ್‌ಗಳು ಕುಗ್ಗಿ ಕೂತವು. ಹೊಳಪೆಲ್ಲ ಕಪ್ಪಿನೊಳಗೆ ಸೇರಿಹೋಯಿತು.

ಮರುದಿನ ಕೆಂಪು ಕಾರು ಊರೆಲ್ಲ ಸುತ್ತಿಕೊಂಡು ಸ್ಕೂಲ್ ಗೇಟಿಗೆ ಬಂತು. ಮಕ್ಕಳೆಲ್ಲ ತಳ್ಳಲು ತೋಳೇರಿಸಿ ನಿಂತಿದ್ದರು. ಕಾರು ಅವರ ಮುಂದೆಯೇ ಗುರುಗುಟ್ಟುತ್ತ ಒಳಗೆ ಹೋಯಿತು. ಮಿಸ್ ಹಾರ್ನ್ ಬೇರೆ ಹೊಡೆದರು.

ಮಿಸ್ ಬಾನೆಟ್ ಎತ್ತಿ ತೋರಿಸಿದರು. ಪಕ್ಕದ ಬೆಂಚಿನ ಗೆಳತಿ ಒಳಗೆಲ್ಲ ಇಣುಕಿ, "ನೀನು ಮಾಡಿದ್ದು ಎಲ್ಲಿದೆ? ಏನೂ ಕಾಣ್ತಾನೇ ಇಲ್ವಲ್ಲ," ಎಂದಳು.

"ಕಾಣಲ್ಲ, ಒಳಗಿದೆ," ಎಂದಳು ಚಿನಕುರಳಿ, ಓಡುತ್ತಲೇ ಇದ್ದ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು.