ಯಾರ ಗುದ್ದು ದೊಡ್ಡದು?

ಗೋಡೆಯ ಮೇಲೆ ಓಡುತ್ತಿದ್ದ ಹಳೆಯ ಪಂದ್ಯದ ಚಿತ್ರದಲ್ಲಿ ಬಾಕ್ಸರ್ ಅಮೋಸ್ ಟಲ್ಲಿಯ ಎಡಗೈ ಬಹಳ ನಿಧಾನವಾಗಿ ಮುಂದೆ ಬರುತ್ತಿತ್ತು. ಎದುರಾಳಿಯ ಕೆನ್ನೆಗೆ ಅದು ತಾಗಿದೊಡನೆ ಚರ್ಮ ಅಲೆಅಲೆಯಾಗಿ ಕಿವಿಯವರೆಗೂ ಸರಿಯಿತು. ಪೆಟ್ಟುಮಾಪಕ ಯಂತ್ರ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿ, ಸಣ್ಣಗೆ ಗುನುಗಿ, ಮೂಲೆಯಲ್ಲಿ ಎಪ್ಪತ್ತೊಂದು ಎಂದು ತೋರಿಸಿತು.

“ನಾ ಹೇಳಿದ್ನಿಲ್ಲೋ!” ಎಂದು ಮೆಹಬೂಬ ನದಾಫ ಕುರ್ಚಿಯಿಂದ ಎದ್ದೇಬಿಟ್ಟ. “ಟಲ್ಲಿ ಮುಂದ ಯಾರ್ ನಿಂದರ್ತಾರ?”

“ಸವೆಂಕೊಂದು ಹಚ್ರಿ ಮೇಡಂ. ಆಮ್ಯಾಲ ಕುಣೀಲಿ ಅವ,” ಎಂದ ಫಕೀರಪ್ಪ ಗುಂಜಾಳ.

ಗ್ರಿಗೊರಿ ಸವೆಂಕೊನ ಬಲಗೈಗೆ ಎಪ್ಪತ್ತನಾಲ್ಕು ಬಂತು. ಮೆಹಬೂಬನ ಮುಖ ಸಣ್ಣದಾಯಿತು.

ಹುಬ್ಬಳ್ಳಿಯ ರೈಲ್ವೆ ಕಾಲೊನಿಯ ಅಂಚಿನಲ್ಲಿದ್ದ ಡೇನಿಯಲ್ ಮಾಸ್ತರರ ಬಾಕ್ಸಿಂಗ್ ಕ್ಲಬ್ಬಿನಲ್ಲಿ ಈ ಜಗಳ ಎಷ್ಟು ಹಳೆಯದೆಂದರೆ, ಅದರ ಮೂಲ ಯಾರಿಗೂ ನೆನಪಿರಲಿಲ್ಲ. ಕಳೆದ ಶತಮಾನದ ಹೆವಿವೇಟ್ ಬಾಕ್ಸರುಗಳಲ್ಲಿ ಅತ್ಯಂತ ಬಿರುಸಾಗಿ ಹೊಡೆಯುತ್ತಿದ್ದವನು ಯಾರು? ಟಲ್ಲಿಯನ್ನಾಗಲೀ ಸವೆಂಕೊನನ್ನಾಗಲೀ ಇವರು ಕಣ್ಣಾರೆ ಕಂಡಿರಲಿಲ್ಲ. ಜಗಳವಾಡಲು ಅದು ಅಡ್ಡಿಯೇ? ಚಹಾ ಆರುತ್ತಿತ್ತು, ಮನೆಯಿಂದ ಫೋನು ಬರುತ್ತಿತ್ತು, ಮಾತು ಮಾತ್ರ ಮುಗಿಯುತ್ತಿರಲಿಲ್ಲ.

ಈ ಜಗಳಕ್ಕೆ ಮಂಗಳ ಹಾಡಲೆಂದೇ ಮೈಸೂರಿನಿಂದ ಸಂಶೋಧಕಿ ಡಾ. ಶಾಲ್ಮಲಿ ತಮ್ಮ ಯಂತ್ರದೊಂದಿಗೆ ಬಂದಿದ್ದರು. ತಲೆಬುರುಡೆಯೊಳಗೆ ಮಿದುಳು ದ್ರವದಲ್ಲಿ ತೇಲುತ್ತಿರುತ್ತದೆ. ಏಟು ಬಿದ್ದಾಗ ಬುರುಡೆ ಮೊದಲು ಚಲಿಸುತ್ತದೆ. ಬಸ್ಸು ಒಮ್ಮೆಲೇ ಹೊರಟಾಗ ನಿಂತವರು ಹಿಂದಕ್ಕೆ ವಾಲುವಂತೆ ಮಿದುಳು ಹಿಂದೆ ಉಳಿದು, ಆಮೇಲೆ ಬಂದು ಎಲುಬಿಗೆ ಅಪ್ಪಳಿಸುತ್ತದೆ. ಈ ಎಳೆದಾಟಕ್ಕೆ ಶಾಲ್ಮಲಿ ‘ಮಿದುಳುತುಯ್ತ’ ಎಂದು ಹೆಸರಿಟ್ಟಿದ್ದರು. ಕುತ್ತಿಗೆಯ ತಿರುವು, ಕೆನ್ನೆಯ ಅಲೆ, ಕಣ್ಣುಗುಡ್ಡೆಯ ಅಲುಗಾಟ ಇಷ್ಟು ಕಂಡರೆ ಸಾಕು, ಎಂಥ ಹಳೆಯ ಚಿತ್ರದಿಂದಲೂ ಪೆಟ್ಟುಮಾಪಕ ಅದನ್ನು ಅಳೆಯುತ್ತಿತ್ತು. ಒಳ್ಳೆಯ ಹೆಲ್ಮೆಟ್ ತಯಾರಿಸಲು ಅವರು ಕಟ್ಟಿದ ಯಂತ್ರವದು. ಕ್ರೀಡಾ ವಾಹಿನಿಯೊಂದು ಅದನ್ನು ಹಿಡಿದುಕೊಂಡು, ಜಗತ್ತಿನ ಅತಿ ದೊಡ್ಡ ಹೊಡೆತಗಳ ಪಟ್ಟಿ ಪ್ರಕಟಿಸಲು ಹೊರಟಿತ್ತು.

ಆ ಪಟ್ಟಿಯಲ್ಲಿ ತನ್ನ ಹೆಸರು ಬರಬೇಕೆಂದು ಫಕೀರಪ್ಪನ ಜೀವ ಒದ್ದಾಡುತ್ತಿತ್ತು. ಅವನು ದೇಶದ ಹೆವಿವೇಟ್ ಚಾಂಪಿಯನ್ ಆಗಿದ್ದವನು. ವಿದೇಶಕ್ಕೆ ಹೋಗಬೇಕಿದ್ದ ತಂಡ ಮೇಲಿನವರ ಕಿತ್ತಾಟದಲ್ಲಿ ವಿಮಾನವನ್ನೇ ಹತ್ತಲಿಲ್ಲ. ತನ್ನ ಬಲಗೈ ಟಲ್ಲಿಯ ಸಾಲಿನದೋ ಅಲ್ಲವೋ ಎಂಬುದು ಆವತ್ತಿನಿಂದ ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

“ಸಾಯೂದ್ರಾಗ ಒಮ್ಮೆ ಗೊತ್ತಾಗ್ಲಿ ಬಿಡ್ರಿ,” ಎನ್ನುತ್ತ ಅವನು ಕ್ಲಬ್ಬಿನ ಹಳೆಯ ಚಿತ್ರವೊಂದನ್ನು ಶಾಲ್ಮಲಿಯವರ ಕೈಗಿತ್ತ. “ಇದು ನನ್ನ ಗುರುಪೆಟ್ಟು.”

“ಹಾಗೆಂದರೇನು?”

“ನಮ್ಮ ಕ್ಲಬ್ಬಿನ ಪದ್ಧತಿ ರೀ. ಮೊದಲನೇ ದೊಡ್ಡ ಪಂದ್ಯಕ್ಕ ಹೋಗೂಕಿಂತ ಮುಂಚೆ ಮಾಸ್ತರ ಕೈ ಹಿಂದ ಕಟ್ಟಿ ನಿಂದರ್ತಾರ. ಶಿಷ್ಯ ಅವರ ದವಡಿಗೆ ಒಂದ ಏಟು, ಮೈಯಾಗಿನ ಶಕ್ತಿ ಎಲ್ಲಾ ಹಾಕಿ ಹೊಡೀಬೇಕು. ಅಲುಗಾಡಲಿಲ್ಲಂದ್ರ ‘ಇನ್ನೂ ಬಲೀಬೇಕು’ ಅಂತಿದ್ರು. ಅವರನ್ನ ಕೆಡವಿದಾವ ನಾ ಒಬ್ಬನ!”

ಇದನ್ನು ಹೇಳುವಾಗ ಅವನ ಎದೆ ಉಬ್ಬಿತ್ತು. ಸುತ್ತ ಕೂತಿದ್ದ ಹಳೆಯ ಶಿಷ್ಯರೂ ತಮ್ಮ ತಮ್ಮ ಗುರುಪೆಟ್ಟು ನೆನೆದು ತಲೆದೂಗಿದರು.

ಚಿತ್ರ ಓಡಿತು. ಮಾಸ್ತರರು ನಗುತ್ತ ನಿಂತಿದ್ದರು. ಬಲಗೈ ಬಂತು, ತಲೆ ಗಿರ್ರನೆ ತಿರುಗಿತು, ಅವರು ನೆಲಕ್ಕೆ ಬಿದ್ದರು. ಯಂತ್ರ ತೋರಿಸಿತು: ಎಂಬತ್ತಮೂರು.

ಕ್ಲಬ್ಬಿನ ತಗಡಿನ ಮಾಡು ಹಾರಿಹೋಗುವಂತೆ ಕೂಗೆದ್ದಿತು. ಮೆಹಬೂಬನೇ ಓಡಿ ಬಂದು ಗೆಳೆಯನನ್ನು ಅಪ್ಪಿಕೊಂಡ. “ಲೇ ಫಕೀರ್ಯಾ, ಜಗತ್ತಿಗೇ ದೊಡ್ಡಾವ ಆದ್ಯಲ್ಲೋ!” ಫಕೀರಪ್ಪನ ಕಣ್ಣು ತುಂಬಿ ಬಂತು.

ಶಾಲ್ಮಲಿ ಮಾತ್ರ ನಗಲಿಲ್ಲ. ಅವರು ಲೆಕ್ಕವನ್ನು ಮತ್ತೆ ಓಡಿಸಿ ನೋಡುತ್ತಿದ್ದರು.

“ಯಂತ್ರ ತಪ್ಪೈತೇನ್ರಿ ಮೇಡಂ?” ಎಂದು ಫಕೀರಪ್ಪ ಕೇಳಿದ.

“ತಪ್ಪಿಲ್ಲ. ಆದರೆ ನಿಮ್ಮ ಕೈಯ ಬಲ ಟಲ್ಲಿಯ ಕೈಯ ಮುಕ್ಕಾಲು ಭಾಗವೂ ಇಲ್ಲ.”

“ಹಂಗಾರ ಎಂಬತ್ಮೂರು ಎಲ್ಲಿಂದ ಬಂತು?”

“ಏಟು ತಿಂದವರ ತಲೆಯಿಂದ. ಈ ಯಂತ್ರ ಅಳೆಯುವುದೇ ಅದನ್ನು. ಟಲ್ಲಿಯ ಎದುರಾಳಿ ಗದ್ದ ತಗ್ಗಿಸಿದ್ದ, ಕುತ್ತಿಗೆ ಬಿಗಿಹಿಡಿದಿದ್ದ, ಏಟಿನ ಜೊತೆಗೇ ತಲೆ ಸರಿಸಿದ. ಅರ್ಧ ಪೆಟ್ಟು ಹಾಗೆಯೇ ಕಳೆದುಹೋಯಿತು. ಇವರು ಕೈ ಹಿಂದೆ ಕಟ್ಟಿಕೊಂಡು ನಗುತ್ತಿದ್ದಾರೆ. ಇವರಿಗೆ ಬಿದ್ದದ್ದೆಲ್ಲ ಒಳಗೇ ಹೋಗಿದೆ.”

ಅವರು ಗುಂಡಿಯೊಂದನ್ನು ಒತ್ತಿದರು. ಗೋಡೆಯ ಮೇಲೆ ಬೂದುಬಣ್ಣದ ಮಿದುಳು ಮೂಡಿತು. ಅದರ ನಡುವೆ ಕೆಂಪು ಗೆರೆಗಳು ಹರಡಿದ್ದವು.

“ಈ ಕೆಂಪು ಎಲ್ಲಾ ಹರಿದಿರಬಹುದಾದ ಎಳೆಗಳು. ನೆನಪನ್ನು ಹಿಡಿದಿಡುವ ಎಳೆಗಳು. ಈ ಮಹಾನುಭಾವರು ಆಮೇಲೆ ಎಷ್ಟು ಕಾಲ ಬದುಕಿದ್ದರು?”

ಮೆಹಬೂಬ ಕಿಟಕಿಯ ಕಡೆ ಕೈ ತೋರಿಸಿದ.

ಅಲ್ಲಿ ಬೆತ್ತದ ಕುರ್ಚಿಯಲ್ಲಿ ಮುದುಕರೊಬ್ಬರು ಕೂತಿದ್ದರು. ಯಾರ ತಂದೆಯೋ ಇರಬೇಕೆಂದು ಶಾಲ್ಮಲಿ ಬಂದಾಗಲೇ ಅವರಿಗೆ ನಮಸ್ಕರಿಸಿದ್ದರು. ಅವರು ಸುಮ್ಮನೆ ನಕ್ಕಿದ್ದರು. ಡೇನಿಯಲ್ ಮಾಸ್ತರರೆಂದರೆ ಅವರೇ. ಶಿಷ್ಯರು ಸರದಿಯ ಮೇಲೆ ಅವರಿಗೆ ಉಣಿಸುತ್ತಿದ್ದರು. ಪ್ರತಿ ಸಂಜೆಯೂ ಮಾಸ್ತರರು ‘ಯಾವೂರಾವಪಾ ನೀ?’ ಎಂದು ಕೇಳಿದರೆ, ಶಿಷ್ಯರು ಬೇಸರಿಸದೆ ತಮ್ಮ ಊರು ಹೇಳುತ್ತಿದ್ದರು. ವಯಸ್ಸಾಯಿತು ಎಂದು ಎಲ್ಲರೂ ಒಪ್ಪಿಕೊಂಡಾಗಿತ್ತು.

ಶಾಲ್ಮಲಿ ಶಿಷ್ಯರ ಕಡೆ ತಿರುಗಿದರು. “ಈ ಗುರುಪೆಟ್ಟು... ಇನ್ನೂ ಯಾರು ಯಾರು ಹೊಡೆದಿದ್ದೀರಿ?”

“ಎಲ್ಲಾರೂ ರೀ,” ಎಂದಿತು ಹಿಂದಿನಿಂದ ಒಂದು ದನಿ.

ಗಂಡಸರೆಲ್ಲ ತಮ್ಮ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಕೂತರು. ಮೊದಲು ಮೆಹಬೂಬ ಬಾಯಿಬಿಟ್ಟ. “ನಂದ ಏನ್ ಭಾಳ ಇರಲಿಲ್ಲ ಬಿಡ್ರಿ. ಅವತ್ತ ನನಗ ಜ್ವರ ಇತ್ತು.” ಅದೇ ಏಟಿಗೆ ಮಾಸ್ತರರ ಹಲ್ಲು ಅಲುಗಿತ್ತೆಂದು ಊರೆಲ್ಲ ಹೇಳಿಕೊಂಡು ಮೆರೆದವನು ಇವನೇ. “ನಂದೂ ಹಗುರ ಇತ್ತು,” ಎಂದ ಇನ್ನೊಬ್ಬ. “ನಂದು ಬರೇ ಗದ್ದಕ್ಕ ಸವರಿತ್ತು,” ಎಂದ ಮತ್ತೊಬ್ಬ. ತನ್ನ ಗುದ್ದೇ ಸಣ್ಣದೆಂದು ಎಲ್ಲರೂ ಪೈಪೋಟಿಗೆ ಬಿದ್ದದ್ದು ಆ ಕ್ಲಬ್ಬಿನಲ್ಲಿ ಅದೇ ಮೊದಲು.

ಫಕೀರಪ್ಪನಿಗೆ ಹಾಗೆ ಹೇಳಲು ದಾರಿಯಿರಲಿಲ್ಲ. ಅವನದು ಗೋಡೆಯ ಮೇಲೇ ಇತ್ತು.

“ನಂದೊಂದರಿಂದನ ಹಿಂಗಾತೇನ್ರಿ ಮೇಡಂ? ಖರೇ ಹೇಳ್ರಿ.”

“ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲು ಯಂತ್ರಕ್ಕೂ ಆಗುವುದಿಲ್ಲ. ಎಲ್ಲವೂ ಒಂದರ ಮೇಲೊಂದು ಕೂಡಿವೆ.” ಅವರು ತಡೆದು ಕೇಳಿದರು, “ಪಟ್ಟಿಗೆ ಹೆಸರು ಕಳಿಸಲೇ?”

“ಬ್ಯಾಡ್ರಿ,” ಎಂದ ಫಕೀರಪ್ಪ. “ಕೈ ಮುಗೀತೀನಿ, ಬ್ಯಾಡ್ರಿ.”

ಯಂತ್ರವನ್ನು ಆರಿಸಲು ಶಾಲ್ಮಲಿಗೆ ಕೈ ಬರಲಿಲ್ಲ. ಚಿತ್ರ ತಾನಾಗಿಯೇ ಮತ್ತೆ ಮೊದಲಿನಿಂದ ಓಡತೊಡಗಿತು. ಬೆಳಕು ಕಂಡು ಮಾಸ್ತರರು ಈ ಕಡೆ ತಿರುಗಿದರು. ನಗುತ್ತ ನಿಂತವನನ್ನೂ ಬಂದ ಬಲಗೈಯನ್ನೂ ಬಿದ್ದ ದೇಹವನ್ನೂ ಗಮನವಿಟ್ಟು ನೋಡಿದರು. ಅವರ ಹುಬ್ಬು ಗಂಟಿಕ್ಕಿತು.

“ಯಾರಪಾ ಇವ, ಬಿದ್ದಾವ?”

ಫಕೀರಪ್ಪ ಹೋಗಿ ಅವರ ಕಾಲ ಬಳಿ ಕೂತ.

“ಕೈ ಯಾಕ ಎತ್ತಲಿಲ್ಲ ಇವ?” ಮಾಸ್ತರರ ದನಿಯಲ್ಲಿ ಸಿಟ್ಟೂ ಮರುಕವೂ ಇದ್ದವು. “ಪಾಪ, ಕೈ ಎತ್ತೂದು ಯಾರೂ ಕಲಿಸಿಲ್ಲೇನು ಇವಗ?”

“ಇಲ್ರೀ ಸರ,” ಎಂದ ಫಕೀರಪ್ಪ. “ಯಾರೂ ಕಲಿಸಲಿಲ್ಲ.”

ಅವನು ಅವರ ಎರಡೂ ಕೈಗಳನ್ನು ಹಿಡಿದೆತ್ತಿ, ಮುಷ್ಟಿ ಮಡಚಿ, ಅವರದೇ ಕೆನ್ನೆಗಳ ಪಕ್ಕದಲ್ಲಿಟ್ಟ. “ಹಿಂಗ ಹಿಡೀಬೇಕೇನ್ರಿ ಸರ?”

ಮಾಸ್ತರರು ತಮ್ಮ ಕೈಗಳನ್ನು ನೋಡಿಕೊಂಡರು.

“ಮೊಣಕೈ ಒಳಗ ಇರಬೇಕು,” ಎಂದು ತಿದ್ದಿದರು.