ನಾಲ್ಕು ಜನರಿಗಾಗುವಷ್ಟು

‘ಉಪ್ಪು ಅತಿಯಾಗಿದೆ. ಇದನ್ನು ಸೂಪ್ ಅನ್ನುವುದಕ್ಕಿಂತ ಅಂಟು ಅನ್ನಬಹುದು. ಬರೆದವರು ಒಂದು ಸಲವಾದರೂ ಮಾಡಿ ನೋಡಿದ್ದಾರೋ ಇಲ್ಲವೋ, ಅನುಮಾನ.’

ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತೇ ಅವಳು ಇಷ್ಟನ್ನು ಟೈಪ್ ಮಾಡಿ, ಮತ್ತೊಮ್ಮೆ ಓದಿಯೂ ನೋಡದೆ ಗ್ರೂಪಿಗೆ ಕಳಿಸಿಬಿಟ್ಟಳು. ಆಮೇಲೆ ಕೆಮ್ಮಿನ ಸಿರಪ್ ಕೇಳಿದವರಿಗೆ ಸಿರಪ್ ಕೊಟ್ಟು, ದಿನಕ್ಕೆ ಮೂರು ಸಲ, ಐದೈದು ಎಂಎಲ್, ಒಂದು ಹನಿ ಹೆಚ್ಚೂ ಬೇಡ ಕಡಿಮೆಯೂ ಬೇಡ ಎಂದು ಎಂದಿನಂತೆ ಬುದ್ಧಿ ಹೇಳಿದಳು.

ಆ ಆನ್‌ಲೈನ್ ಗ್ರೂಪಿನಲ್ಲಿ ಸಾವಿರಕ್ಕೂ ಮಿಕ್ಕಿ ಜನರಿದ್ದರು. ತಮ್ಮ ತಮ್ಮ ಮೆಚ್ಚಿನ ಅಡುಗೆಗಳನ್ನೆಲ್ಲ ಕೂಡಿಸಿ ಒಂದು ಪುಸ್ತಕ ತರಬೇಕೆಂದು ಹೊರಟವರು. ಅದನ್ನು ನಡೆಸುತ್ತಿದ್ದ ನಿವೃತ್ತ ಲೈಬ್ರರಿಯನ್‌ರನ್ನು ಎಲ್ಲರೂ ‘ಅಡ್ಮಿನ್ ಅತ್ತೆ’ ಎನ್ನುತ್ತಿದ್ದರು. ಅತ್ತೆಯ ನಿಯಮ ಒಂದೇ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬರೆದ ಹಾಗೆಯೇ ಮಾಡಬೇಕು. ಅವರು ಸೈ ಎಂದರೆ ಮಾತ್ರ ಅದು ಪುಸ್ತಕಕ್ಕೆ. ಗ್ರೂಪಿನಲ್ಲಿ ಯಾರಿಗೂ ಸ್ವಂತ ಹೆಸರಿರಲಿಲ್ಲ. ‘ಒಂದು ಚಿಟಿಕೆ ಅಂದರೆ ಎಷ್ಟು ಗ್ರಾಂ?’ ಎಂದು ಕೇಳಿದ್ದಕ್ಕೆ ಇವಳಿಗೆ ‘ತಕ್ಕಡಿ’ ಎಂಬ ಹೆಸರು ಅಂಟಿತ್ತು. ಇವತ್ತಿನ ಸಿಹಿಗುಂಬಳದ ಸೂಪ್ ಕಳಿಸಿದಾತ ‘ಸೌಟು’.

ಸಂಜೆಯ ಹೊತ್ತಿಗೆ ಸೌಟು ಗ್ರೂಪನ್ನೇ ಬಿಟ್ಟು ಹೋಗಿದ್ದ. ಹೋಗುವ ಮುಂಚೆ ಒಂದು ಸಾಲು ಬರೆದಿದ್ದ: ‘ತಪ್ಪಾಯಿತು. ನನ್ನದನ್ನು ಕೈಬಿಡಿ.’

ಅತ್ತೆಯ ಫೋನ್ ಬಂತು. “ಏನಮ್ಮಾ ತಕ್ಕಡಿ, ತೂಗೋದು ಸರಿ. ಕಲ್ಲೆತ್ತಿ ಮನುಷ್ಯರ ಮೇಲೇ ಹಾಕೋದಾ?”

“ಉಪ್ಪು ಜಾಸ್ತಿ ಇತ್ತು ಅತ್ತೆ. ಎರಡು ಸಲ ಮಾಡಿದೆ.”

“ಜಾಸ್ತಿ ಇತ್ತು ಅಂತ ಹೇಳು. ಮಾಡೇ ನೋಡಿಲ್ಲ ಅಂತ ನಿನಗೆ ಯಾರು ಹೇಳಿದ್ರು? ಹತ್ತೊಂಬತ್ತು ವರ್ಷದಿಂದ ಅಡುಗೆಮನೇಲೇ ಇರೋ ಮನುಷ್ಯ. ನರ್ಸಿಂಗ್ ಹಾಸ್ಟೆಲ್ ಗೊತ್ತಲ್ಲ, ನಿನ್ನ ಅಂಗಡಿಯಿಂದ ಮೂರು ಸ್ಟಾಪ್. ಮುಂದಿನದು ನಿನಗೆ ಬಿಟ್ಟಿದ್ದು.”

ಅವಳು ನಾಲಿಗೆ ಕಚ್ಚಿಕೊಂಡಳು.

ಮಾರನೇ ದಿನ ಊಟದ ಬಿಡುವಿನಲ್ಲಿ ಹಾಸ್ಟೆಲಿನ ಹಿಂಬಾಗಿಲಿಗೆ ಹೋದಳು. ಕೈಯಲ್ಲಿ ಚೀಲ, ಚೀಲದಲ್ಲಿ ಪುಟ್ಟ ಡಿಜಿಟಲ್ ತೂಕದ ಯಂತ್ರ. ಹೊಸ್ತಿಲಲ್ಲಿ ಈರುಳ್ಳಿ ಹೆಚ್ಚುತ್ತಿದ್ದ, ಅಡುಗೆಮನೆಯ ಸಹಾಯಕಿ ದೊಡ್ಡಮ್ಮ ಇಸ್ತ್ರಿ ಗರಿ ಮುರಿಯದ ಅವಳ ಬಿಳಿ ಕೋಟು ನೋಡಿದ್ದೇ ತಡ, ಒಳಗೆ ತಿರುಗಿ ಕೂಗಿದಳು. “ಇನ್‌ಸ್ಪೆಕ್ಷನ್ನೋರು ಬಂದ್ರು ಕಣಪ್ಪಾ!”

ಒಳಗಿನಿಂದ ಬಂದವನು ನಲವತ್ತರ ಆಸುಪಾಸಿನ ಎತ್ತರದ ಆಳು. ತೋಳು ಮಡಚಿದ್ದ ಅಂಗಿ, ಹಬೆಗೆ ಕೆಂಪಾದ ಮುಖ. “ಬನ್ನಿ ಮೇಡಂ, ಬನ್ನಿ. ಮೋರಿ ನಿನ್ನೆ ತಾನೆ ತೊಳೆಸಿದೀವಿ. ಫ್ರಿಜ್ಜು ನೋಡಿ, ಒಂದು ಎಲೆ ಕೊಳೆತಿದ್ರೆ ಕೇಳಿ” ಎನ್ನುತ್ತ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ತೋರಿಸತೊಡಗಿದ. ನಾನು ಇನ್‌ಸ್ಪೆಕ್ಷನ್ನಿನವಳಲ್ಲ ಎನ್ನಲು ಇವಳು ಮೂರು ಸಲ ಬಾಯಿ ತೆರೆದಳು. ಮೂರು ಸಲವೂ ಅವನೊಂದು ಹೊಸ ಡಬ್ಬಿ ತೆರೆದ. ಕೊನೆಗೆ ಒಂದು ಬಟ್ಟಲು ಸೂಪ್ ತಂದು ಮುಂದಿಟ್ಟ.

ಅವಳು ಒಂದು ಚಮಚ ಬಾಯಿಗಿಟ್ಟಳು. ತಿಳಿಯಾದ, ಬೆಚ್ಚನೆಯ ಸೂಪ್. ಉಪ್ಪು ಎಷ್ಟಿರಬೇಕೋ ಅಷ್ಟೇ. ಬಟ್ಟಲು ಬರಿದಾಗುವವರೆಗೆ ಚಮಚ ಕೆಳಗಿಡಲಿಲ್ಲ. ಆಮೇಲೆ ತಡೆಯಲಾರದೆ ಕೇಳಿದಳು. “ಉಪ್ಪು ಎಷ್ಟು ಗ್ರಾಂ ಹಾಕಿದ್ರಿ?”

ಅವನ ಕೈಯಲ್ಲಿದ್ದ ಮುಚ್ಚಳ ಅಲ್ಲೇ ನಿಂತಿತು. ಕಣ್ಣು ಕಿರಿದು ಮಾಡಿ ಅವಳನ್ನು ನೆತ್ತಿಯಿಂದ ಚಪ್ಪಲಿಯವರೆಗೆ ನೋಡಿದ. “ತಕ್ಕಡಿ?”

“ಕ್ಷಮಿಸಿ” ಎಂದಳು. ಮುಖ ಸಿಹಿಗುಂಬಳಕ್ಕಿಂತ ಕೆಂಪಾಗಿತ್ತು.

ಅವನು ಸಿಟ್ಟಾಗಲಿಲ್ಲ, ಮೊದಲು ತುಟಿಯಂಚಿನಲ್ಲಿ, ಆಮೇಲೆ ಇಡೀ ಮುಖದಲ್ಲಿ ನಕ್ಕ. “ಮೋರಿ ತೋರಿಸಿಬಿಟ್ಟೆನಲ್ರೀ ನಿಮಗೆ!”

ತಪ್ಪು ಎಲ್ಲಿದೆಯೆಂದು ಇಬ್ಬರೂ ಕೂತು ಹುಡುಕಿದರು. ಅವನ ಹಂಡೆ ನೂರ ಎಂಬತ್ತು ಹುಡುಗಿಯರದು. ಎಲ್ಲವನ್ನೂ ನಲವತ್ತೈದರಿಂದ ಭಾಗಿಸಿ, ನಾಲ್ಕು ಜನಕ್ಕೆಂದು ಬರೆದಿದ್ದ. ಭಾಗಿಸದೇ ಬಿಟ್ಟದ್ದು ಒಂದನ್ನೇ: ಒಂದೂವರೆ ಗಂಟೆ ಕುದಿಸಿ ಎಂಬ ಮಾತನ್ನು. ಇವಳು ಗಡಿಯಾರ ಹಿಡಿದು ಪುಟ್ಟ ಪಾತ್ರೆಯಲ್ಲಿ ಒಂದೂವರೆ ಗಂಟೆ ಕುದಿಸಿದ್ದಳು. ನೀರೆಲ್ಲ ಆವಿಯಾಗಿ ಉಪ್ಪು ಮಾತ್ರ ಉಳಿದಿತ್ತು.

“ಮನೇಲಿ ಒಂದು ಸಲ ಮಾಡಿ ನೋಡಿದ್ರೆ ಗೊತ್ತಾಗ್ತಿತ್ತಲ್ಲ?” ಎಂದಳು.

“ನಾಲ್ಕು ಜನಕ್ಕೆ ಮಾಡೋಕೆ ಮನೇಲಿ ನಾಲ್ಕು ಜನ ಬೇಕಲ್ರೀ” ಎಂದ ಅವನು, ಹಗುರವಾಗಿಯೇ. “ನಾನೊಬ್ಬ. ಊಟ ಇಲ್ಲೇ ಆಗುತ್ತೆ. ಮನೇಲಿ ಇರೋದು ಒಂದು ಕೆಟ್ಲು.”

ಅವಳಿಗೆ ಏನನ್ನಿಸಿತೋ, ಬಾಯಿಂದ ಮಾತು ಬಂದೇಬಿಟ್ಟಿತು. “ನಮ್ಮನೇಲಿ ಅಮ್ಮ, ತಂಗಿ, ನಾನು ಇದೀವಿ. ನೀವು ಬಂದ್ರೆ ನಾಲ್ಕು.”

ಹಾಗೆ ಭಾನುವಾರಗಳು ಶುರುವಾದವು. ಮಧ್ಯಾಹ್ನ ಹಾಸ್ಟೆಲಿನಲ್ಲಿ ಬಡಿಸಿ ಮುಗಿಸಿ, ಸ್ನಾನ ಮಾಡಿ, ತಲೆ ಬಾಚಿಕೊಂಡು, ಕಂಕುಳಲ್ಲೊಂದು ಕುಂಬಳಕಾಯಿ ಇಟ್ಟುಕೊಂಡು ಬರುತ್ತಿದ್ದ. ಅವಳ ಅಡುಗೆಮನೆಯಲ್ಲಿ ಒಬ್ಬರು ತಿರುಗಿದರೆ ಇನ್ನೊಬ್ಬರು ಗೋಡೆಗೆ ಒತ್ತಿ ನಿಲ್ಲಬೇಕು. ಅವನು ಮುಷ್ಟಿಯಲ್ಲಿ ಉಪ್ಪು ತೆಗೆಯುವನು. ಅವಳು ಕೈ ಅಡ್ಡ ಹಿಡಿದು “ಇಲ್ಲಿ ಹಾಕಿ” ಎಂದು ತೂಕದ ಯಂತ್ರ ಒಡ್ಡುವಳು. ಉಪ್ಪು ಸುರಿದು ಮುಗಿದ ಮೇಲೂ ಅವನ ಕೈ ಅರೆಗಳಿಗೆ ಅಲ್ಲೇ ಇರುತ್ತಿತ್ತು. ಅಂಕಿ ಓದಬೇಕಾದವಳು ಅಂಕಿಯ ಕಡೆ ನೋಡುತ್ತಲೇ ಇರಲಿಲ್ಲ.

“ಎಷ್ಟು ಬಂತು?”

“ಹಾಂ? ಏಳು. ಅಲ್ಲ, ಒಂಬತ್ತು.”

“ಅಕ್ಕ, ಅದು ಆರು” ಎನ್ನುತ್ತಿದ್ದಳು ತಂಗಿ, ಬಾಗಿಲಿಗೆ ಒರಗಿ ಸೇಬು ಕಚ್ಚುತ್ತ.

ಎರಡನೇ ಭಾನುವಾರವೇ ಸೂಪ್ ಸರಿಯಾಯಿತು. ಇಪ್ಪತ್ತೈದು ನಿಮಿಷ, ಆರು ಗ್ರಾಂ. ಅಮ್ಮ ಬಟ್ಟಲನ್ನು ಬೆರಳಿನಿಂದ ಬಳಿದು ತಿಂದರು. ಎಲ್ಲರೂ ಅವಳ ಮುಖ ನೋಡಿದರು. ಸೈ ಎಂದರೆ ಕೆಲಸ ಮುಗಿಯಿತು. ಸೈ ಎಂದರೆ ಮುಂದಿನ ಭಾನುವಾರ ಅವನಿಗೆ ಈ ಮನೆಗೆ ಬರಲು ನೆಪವಿಲ್ಲ.

“ಇನ್ನೂ ಸ್ವಲ್ಪ ಏನೋ ಕಮ್ಮಿ ಇದೆ” ಎಂದಳು, ಚಮಚದ ಕಡೆ ನೋಡುತ್ತ.

ಹುಟ್ಟಿದಾಗಿನಿಂದ ಅರ್ಧ ಗ್ರಾಂ ಸುಳ್ಳು ಹೇಳದವಳು ಹೀಗೆ ಒಂದಲ್ಲ, ಎರಡಲ್ಲ, ಮೂರು ಭಾನುವಾರ ಸುಳ್ಳು ಹೇಳಿದಳು. ಒಮ್ಮೆ ಕಾಳುಮೆಣಸು ಸರಿಯಿಲ್ಲ, ಇನ್ನೊಮ್ಮೆ ಈರುಳ್ಳಿ ಹೆಚ್ಚು ಕಂದಿದೆ. ಅವನು ಪ್ರತಿ ಸಲ ತಲೆಯಾಡಿಸಿ, ಪ್ರತಿ ಸಲ ಮೊದಲಿಗಿಂತ ಮೆತ್ತಗೆ ಬಾಗಿಲು ಹಾಕಿಕೊಂಡು ಹೋಗುತ್ತಿದ್ದ. ಅವಳು ಕಿಟಕಿಯಿಂದ ಅವನ ಬೆನ್ನು ನೋಡುತ್ತಿದ್ದಳೇ ಹೊರತು, ಅದು ಕುಗ್ಗುತ್ತಿದ್ದುದನ್ನು ನೋಡಲಿಲ್ಲ.

ಬುಧವಾರ ಅತ್ತೆಯ ಫೋನ್. “ನಾಡಿದ್ದು ಪುಸ್ತಕ ಅಚ್ಚಿಗೆ ಹೋಗುತ್ತೆ. ಸೌಟು ಮತ್ತೆ ತನ್ನ ಸೂಪ್ ತೆಗೆದುಬಿಡಿ ಅಂತ ಹೇಳಿದಾನೆ. ನನ್ನ ಕೈ ರುಚಿ ಹೋಗಿದೆ ಅತ್ತೆ ಅಂದ. ಹುಡುಗೀರಿಗೆ ಬಡಿಸೋಕೂ ಹೆದರಿಕೆ ಆಗ್ತಿದೆಯಂತೆ.”

ಅವಳು ಫೋನ್ ಇಟ್ಟಳು. ಅಂಗಡಿಯನ್ನು ಜೊತೆಯವಳಿಗೆ ಒಪ್ಪಿಸಿ, ಕೋಟನ್ನೂ ಬಿಚ್ಚದೆ ಬಸ್ ಹತ್ತಿದಳು.

ಹಾಸ್ಟೆಲಿನಲ್ಲಿ ಊಟದ ಹೊತ್ತು. ತಟ್ಟೆ ಹಿಡಿದ ಹುಡುಗಿಯರ ಸಾಲು ಬಾಗಿಲವರೆಗೂ ಇತ್ತು. ಅವನು ಕೌಂಟರಿನ ಆಚೆ ತಲೆ ತಗ್ಗಿಸಿ ಬಡಿಸುತ್ತಿದ್ದ. ಅವಳು ಸಾಲು ತಪ್ಪಿಸಿ ಮುಂದೆ ಹೋದಳು. “ಮೇಡಂ, ಕ್ಯೂ!” ಎಂದಳು ಒಬ್ಬಳು.

“ಸೂಪ್ ಎರಡನೇ ಭಾನುವಾರವೇ ಸರಿಯಾಗಿತ್ತು” ಎಂದಳು, ಏದುಸಿರು ಬಿಡುತ್ತ.

ಅವನು ತಲೆಯೆತ್ತಿದ. “ಏನಂದ್ರಿ?”

“ಆರು ಗ್ರಾಂ, ಇಪ್ಪತ್ತೈದು ನಿಮಿಷ. ಅಷ್ಟು ಒಳ್ಳೇ ಸೂಪ್ ನಾನು ಕುಡಿದೇ ಇಲ್ಲ. ನಾನು ಸುಳ್ಳು ಹೇಳಿದೆ.”

“ಯಾಕೆ?”

ಸಾಲಿನಲ್ಲಿದ್ದ ಹುಡುಗಿಯರು ಕತ್ತು ಚಾಚಿದರು. ಹಿಂದೆ ದೊಡ್ಡಮ್ಮನ ಚಾಕು ನಿಂತಿತು.

“ಸರಿಯಾಗಿದೆ ಅಂದ್ರೆ ನೀವು ಮತ್ತೆ ಬರಲ್ವಲ್ಲ” ಎಂದಳು. “ನನಗೆ ನೀವು ಬರಬೇಕು.”

ಅವನು ಸೌಟನ್ನು ಹಂಡೆಗೆ ಒರಗಿಸಿ, ಎರಡೂ ಕೈಯನ್ನು ಟವೆಲಿಗೆ ಒರೆಸಿಕೊಂಡ. ಒರೆಸಿದ್ದೇ ಒರೆಸಿದ್ದು. “ಮೂರು ವಾರ ನಿದ್ದೆ ಬಂದಿಲ್ಲ ಕಣ್ರೀ ನನಗೆ” ಎಂದ. ದನಿಯಲ್ಲಿ ನೋವಿತ್ತು. ಅವಳು ಕಣ್ಣು ತಪ್ಪಿಸಲಿಲ್ಲ. ಬಂದದ್ದು ಬರಲಿ ಎಂದು ನಿಂತಳು.

“ಈ ಭಾನುವಾರ ನಾನು ಸೂಪ್ ಮಾಡಲ್ಲ” ಎಂದ ಅವನು.

“ಸರಿ” ಎಂದಳು.

“ಬೇರೇನಾದ್ರೂ ಮಾಡ್ತೀನಿ. ಕುಂಬಳಕಾಯಿ ನೋಡಿದ್ರೆ ನಿಮ್ಮಮ್ಮ ಎದ್ದು ಓಡೋ ಹಾಗಾಗಿದೆ. ಅದರ ಮುಂದಿನ ಭಾನುವಾರ ಏನು ಬೇಕೋ ಅದು. ಅದರ ಮುಂದಿನದ್ದು, ಅದರ ಮುಂದಿನದ್ದು…” ಅವನ ಕಿವಿ ಕೆಂಪಾಗಿತ್ತು. “ಪುಸ್ತಕ ಬರಲಿ, ಬಿಡಲಿ. ನಾನು ಬರ್ತೀನಿ.”

ನೂರ ಎಂಬತ್ತು ತಟ್ಟೆಗಳ ಮೇಲೆ ನೂರ ಎಂಬತ್ತು ಚಮಚಗಳು ಒಟ್ಟಿಗೆ ಬಡಿದವು. ಆ ಗಲಾಟೆಗೆ ವಾರ್ಡನ್ ಓಡಿ ಬಂದು ಏನಾಯಿತೆಂದು ಕೇಳಿದರೆ, “ಏನಿಲ್ಲಮ್ಮಾ, ಒಂದು ಸಂಬಂಧ ಕುದುರಿತು” ಎಂದಳು ದೊಡ್ಡಮ್ಮ, ಕಣ್ಣೊರೆಸಿಕೊಂಡು. ಈರುಳ್ಳಿ ಕಣಮ್ಮಾ ಎಂದೂ ಸೇರಿಸಿದಳು.

ಅಡುಗೆಮನೆಯ ಹಿಂದಿನ ಕಟ್ಟೆಯಲ್ಲಿ ಕೂತೇ ಅವಳು ಅತ್ತೆಗೆ ಮೆಸೇಜ್ ಕಳಿಸಿದಳು: ‘ಸೈ.’ ಬಡಿಸಿ ಮುಗಿಸಿದ ಮೇಲೆ ಅವನು ಬಸ್ ಸ್ಟಾಪಿನವರೆಗೆ ಜೊತೆಗೆ ಬಂದ. ಬಿಸಿಲು ಇಳಿಯತೊಡಗಿತ್ತು. ಮೊದಲ ಬಸ್ ಬಂತು, ಅವಳು ಹತ್ತಲಿಲ್ಲ.

“ಒಂದು ಕೇಳಲಾ?” ಎಂದ. “ಈ ‘ನೀವು’ ಬಿಟ್ಟು, ‘ನೀನು’ ಅನ್ನಬಹುದಾ?”

“ಅನ್ನಿ.”

“ಅನ್ನಿ ಅಲ್ಲ, ‘ಅನ್ನು’. ಆ ಕಡೆಯಿಂದಲೂ ಬರಬೇಕು.”

ಅವಳು ಚೀಲದ ಹಿಡಿಯನ್ನು ಒಮ್ಮೆ ಆ ಕೈಗೆ, ಒಮ್ಮೆ ಈ ಕೈಗೆ ಬದಲಿಸಿದಳು. ಎರಡನೇ ಬಸ್ಸೂ ಹೋಯಿತು. ಏನಾದರೂ ಚೆಂದದ ಮಾತು ಆಡಬೇಕೆಂದುಕೊಂಡವಳು ಅವನ ಬಾಡಿದ ಮುಖ ನೋಡಿ ಎಲ್ಲ ಮರೆತಳು.

“ನೀನು ಊಟ ಮಾಡಿದ್ಯಾ?” ಎಂದು ಕೇಳಿದಳು.

ಅವನು ರಸ್ತೆಯ ಆಚೆ ನೋಡಿದ, ಚಪ್ಪಲಿ ನೋಡಿಕೊಂಡ. ಹತ್ತೊಂಬತ್ತು ವರ್ಷ ಊಟ ಬಡಿಸಿದವನನ್ನು ಆ ಮಾತು ಯಾರೂ ಕೇಳಿರಲಿಲ್ಲ.

“ಇಲ್ಲ” ಎಂದ ಕೊನೆಗೆ. “ಇನ್ನೂ ಇಲ್ಲ.”

“ನಡಿ ಮತ್ತೆ” ಎಂದು ಅವಳು ಅವನ ಕೈ ಹಿಡಿದಳು.