ಕರೆಂಟ್ ಹೋದಾಗ ಕೇಳಿದ ಹಾಡು

ಮೇಷ್ಟ್ರು ಡ್ರಮ್ಮಿನ ಪಕ್ಕ ಬೋರಲಾಗಿ ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಮಾರು ದೂರದಲ್ಲಿ ಮೈಕಿನ ಕಬ್ಬಿಣದ ಸ್ಟ್ಯಾಂಡು ಉರುಳಿತ್ತು. ಅದರ ದುಂಡನೆಯ ಭಾರದ ತಳಕ್ಕೆ ರಕ್ತ ಮೆತ್ತಿತ್ತು.

ಇನ್ಸ್‌ಪೆಕ್ಟರ್ ಬಾಗಿಲಲ್ಲೇ ನಿಂತು ಕಣ್ಣಾಡಿಸಿದಳು. ಬೀದಿಯಲ್ಲಿ ಕೇಬಲ್ ಬದಲಿಸುವ ಕೆಲಸ ನಡೆಯುತ್ತಿತ್ತು. ಬೆಳಗಿನಿಂದ ಕರೆಂಟಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಟಾರ್ಚು ಬಿಟ್ಟ. ಬೆಳಕು ಹೋಗಿ ಗೋಡೆಯ ಮೇಲೆ ಬಿತ್ತು. ಅಲ್ಲೊಂದು ಪೋಸ್ಟರು, ಅದರಲ್ಲಿ ಬಾಯಿ ಕಿಸಿದ ಹುಡುಗನೊಬ್ಬ, ಕೆಳಗೆ ಕೆಂಪಕ್ಷರದ ಸಾಲು: ‘ಎತ್ತು ಕಬ್ಬಿಣ, ಒಡೆ ತಲೆ.’

"ಸಾಕ್ಷಿ ಗೋಡೆ ಮೇಲೇ ಬರ್ದಿದೆಯಲ್ಲ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್.

ಅವಳಿಗೂ ಹಾಗೇ ಅನ್ನಿಸಿತು. ಆದರೆ ಸ್ಟ್ಯಾಂಡಿನ ಹತ್ತಿರ ಕುಕ್ಕರಗಾಲಲ್ಲಿ ಕೂತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಕೋಲಿನ ತುಂಬ ಬೆವರುಗೈಯ ಜಿಡ್ಡು ಗುರುತುಗಳಿದ್ದವು. ನಡುವೆ ಮಾತ್ರ ಒಂದು ಗೇಣು ಜಾಗ ಫಳಫಳ ಹೊಳೆಯುತ್ತಿತ್ತು. ಯಾರೋ ಅಲ್ಲಿ ಮುತುವರ್ಜಿಯಿಂದ ಒರೆಸಿದ್ದರು.

* * *

ಮೇಷ್ಟ್ರಿಗೆ ಹೆಂಡತಿ ಮಕ್ಕಳಿರಲಿಲ್ಲ. ಪಿಯಾನೊ ರಿಪೇರಿ ಮಾಡಿ ಬದುಕಿದವರು, ಮೇಷ್ಟ್ರು ಎಂದು ಹುಡುಗರು ಕರೆಯುತ್ತಿದ್ದರು ಅಷ್ಟೆ. ಕೈ ನಡುಗತೊಡಗಿದ ಮೇಲೆ ಕೆಳಗಿನ ಮನೆಯನ್ನು ಹುಡುಗರ ಬ್ಯಾಂಡಿಗೆ ಅಭ್ಯಾಸಕ್ಕೆ ಬಿಟ್ಟುಕೊಟ್ಟಿದ್ದರು. ಅದೇ ಕಟ್ಟಡದ ಮಹಡಿಯಲ್ಲಿ ಅವರ ತಮ್ಮನ ಕನ್ನಡಕದ ಅಂಗಡಿ. ಪೊಲೀಸರಿಗೆ ಫೋನ್ ಮಾಡಿದವನೂ ಅವನೇ.

ತಮ್ಮ ಕಣ್ಣೊರೆಸಿಕೊಳ್ಳುತ್ತ ನಡೆದದ್ದನ್ನು ಹೇಳಿದ. ತನಗೆ ಕೊಳಲು ಬಿಟ್ಟರೆ ಬೇರೆ ಸಂಗೀತ ಸೇರದು. ಆ ಹುಡುಗರನ್ನು ಹೊರಗೆ ಹಾಕು ಎಂದು ಅಣ್ಣನಿಗೆ ಹೇಳಿ ಹೇಳಿ ಬಾಯಿ ಸೋತಿತ್ತು. ಗುಡುಗು ಎಂದು ಹೆಸರು ಮಾಡಿದ್ದ, ಪೋಸ್ಟರಿನಲ್ಲಿದ್ದ ಆ ಹಾಡುಗಾರನಂತೂ ಇವತ್ತು ಎಲ್ಲೆ ಮೀರಿದ್ದ.

"ಸ್ಪೀಕರ್‌ನಲ್ಲಿ ಹಾಕಿದ್ದಿರಬೇಕು," ಎಂದಳು ಇನ್ಸ್‌ಪೆಕ್ಟರ್.

"ಕರೆಂಟೆಲ್ಲಿತ್ತು ಮೇಡಂ? ಅವನದೇ ಗಂಟಲು. ಈ ನೆಲ ಅದುರೋ ಹಾಗೆ ಅರಚ್ತಿದ್ದ. ತಲೆ ಒಡೆ ಅನ್ನೋ ಸಾಲು ಬಂತು. ಹಿಂದೆನೇ ಧಡ್ ಅಂತು. ನನಗೆ ಕೆಳಗಿಳಿಯೋಕೆ ಕಾಲೇ ಬರ್ಲಿಲ್ಲ."

ಇನ್ಸ್‌ಪೆಕ್ಟರಿಗೆ ಒಳಗೊಳಗೇ ಹುಮ್ಮಸ್ಸು ಉಕ್ಕಿತು. ಅವಳ ಮಗಳೂ ಇದೇ ಗುಡುಗಿನ ಹಾಡಿನ ಹುಚ್ಚಿ. ನಿನ್ನೆ ತಾನೇ ಮನೆಯಲ್ಲಿ ರಣರಂಪವಾಗಿತ್ತು. ಇಂಥದ್ದು ಕೇಳಿದರೆ ಮನುಷ್ಯರು ಕೊಲೆಗೆ ಇಳಿಯುತ್ತಾರೆ ಎಂದು ಅವಳು ಕೂಗಾಡಿದ್ದಳು. ಮಗಳು ನಕ್ಕುಬಿಟ್ಟಿದ್ದಳು. ಈಗ ನಗಲಿ ನೋಡೋಣ.

* * *

ಗುಡುಗು ಬಸ್ ನಿಲ್ದಾಣದಲ್ಲಿ ಸಿಕ್ಕಿಬಿದ್ದ. ಅಂಗಿಯ ಮೇಲೆ ರಕ್ತ, ಸ್ಟ್ಯಾಂಡಿನ ತುಂಬ ಅವನದೇ ಬೆರಳಚ್ಚು. ಇನ್ನೇನು ಬೇಕು? ಠಾಣೆಯ ಹೊರಗೆ ಟಿವಿಯವರು ಜಮಾಯಿಸಿದರು. ಅವನನ್ನು ಒಳಗೆ ಹಾಕಿ, ಹಾಡನ್ನು ನಿಷೇಧಿಸಿ ಎಂದು ಜನ ಗಂಟಲು ಹರಿದುಕೊಳ್ಳುತ್ತಿದ್ದರು. ಸಂಜೆಯೊಳಗೆ ಅವನನ್ನು ಕೋರ್ಟಿಗೆ ಒಪ್ಪಿಸಬೇಕೆಂದು ಮೇಲಿನಿಂದ ಫೋನು. ಒಪ್ಪಿಸಿದರೆ ಮುಗಿಯಿತು, ಅವನ ಬದುಕು ಮೂರಾಬಟ್ಟೆ.

ಇನ್ಸ್‌ಪೆಕ್ಟರ್ ರಾಕ್ಷಸನೊಬ್ಬನನ್ನು ನಿರೀಕ್ಷಿಸಿದ್ದಳು. ಎದುರಿಗೆ ಕೂತದ್ದು ಗಾಳಿಗೆ ಹಾರಿಹೋಗುವಂಥ ನರಪೇತಲ. ದನಿಯೋ, ಪಕ್ಕದಲ್ಲಿ ಕೂತವರಿಗೂ ಕೇಳಿಸದು.

ಕರೆಂಟಿಲ್ಲವೆಂದು ಅಭ್ಯಾಸ ಬಿಟ್ಟು ಪಾರ್ಕಿನಲ್ಲಿ ಕೂತಿದ್ದೆ ಎಂದ. ನೋಡಿದವರು ಯಾರೂ ಇರಲಿಲ್ಲ. ವಾಪಸ್ ಬಂದಾಗ ಮೇಷ್ಟ್ರು ಬಿದ್ದಿದ್ದರು. ಎತ್ತಿ ಕೂರಿಸಲು ನೋಡಿದ, ಆಗಲಿಲ್ಲ, ಹೆದರಿ ಓಡಿದ. ಮೇಷ್ಟ್ರು ಇವತ್ತು ಬಹಳ ಖುಷಿಯಲ್ಲಿದ್ದರಂತೆ. ಮಹಡಿಯನ್ನೂ ನಿಮಗೇ ಕೊಡುತ್ತೇನೆ, ಅಲ್ಲಿ ರೆಕಾರ್ಡಿಂಗ್ ಕೋಣೆ ಮಾಡಿಕೊಳ್ಳಿ, ತಮ್ಮನಿಗೆ ಇವತ್ತೇ ಹೇಳುತ್ತೇನೆ ಎಂದಿದ್ದರಂತೆ. ಇಷ್ಟು ಹೇಳುವಷ್ಟರಲ್ಲಿ ಹುಡುಗ ಅಳತೊಡಗಿದ.

ಇನ್ಸ್‌ಪೆಕ್ಟರ್ ಅವನನ್ನೇ ನೋಡಿದಳು. ಈ ಗಂಟಲು ನೆಲ ಅದುರಿಸಿತೇ?

"ಪೋಸ್ಟರಲ್ಲಿರೋ ಆ ಸಾಲನ್ನ ಇಲ್ಲೇ ಹಾಡು ನೋಡೋಣ."

"ಮೈಕ್ ಬೇಕು ಮೇಡಂ."

"ಹಾಗೇ ಹಾಡಪ್ಪ."

ಅವನು ಕಣ್ಣು ಮುಚ್ಚಿದ, ಬಾಯಿ ತೆರೆದ, ಕೊರಳಿನ ನರ ಉಬ್ಬಿಸಿದ. ಹೊರಟದ್ದು ಒಂದು ಗೊರಗೊರ ಸದ್ದು, ಅಷ್ಟೆ. ಹೆಡ್ ಕಾನ್‌ಸ್ಟೇಬಲ್ ಕಿಸಕ್ಕನೆ ನಕ್ಕು, ತನ್ನ ಹೆಂಡತಿಯ ಗೊರಕೆ ಇದಕ್ಕಿಂತ ಜೋರು ಎಂದ.

"ನಾವ್ಯಾರೂ ನಿಜವಾಗಿ ಕಿರುಚಲ್ಲ ಮೇಡಂ," ಎಂದ ಹುಡುಗ ನಾಚಿಕೊಂಡು. "ಕಿರುಚಿದ್ರೆ ವಾರದಲ್ಲಿ ಗಂಟಲು ಹೋಗುತ್ತೆ. ಉಸಿರು ಬಿಗಿ ಹಿಡಿದು ಗಂಟಲೊಳಗೇ ಕೆರೀಬೇಕು. ಗುಡುಗೋದು ಮೈಕು."

ಇನ್ಸ್‌ಪೆಕ್ಟರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ಜೀಪ್ ತೆಗೀರಿ. ಇವನೂ ಬರ್ಲಿ."

* * *

ಅದೃಷ್ಟಕ್ಕೆ ಬೀದಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಇನ್ಸ್‌ಪೆಕ್ಟರ್ ಮಹಡಿ ಹತ್ತಿ ಕನ್ನಡಕದವನ ಎದುರು ಕೂತಳು. ಹೆಡ್ ಕಾನ್‌ಸ್ಟೇಬಲ್ ಕೆಳಗಿನ ಕೋಣೆಯಲ್ಲಿ ಹುಡುಗನ ಪಕ್ಕ ನಿಂತ. ಈಗ ಹುಡುಗ ಅದೇ ಸಾಲನ್ನು ಹಾಡುತ್ತಾನೆ, ನೀವು ಕೇಳಿದ್ದು ಇದೇ ಹೌದೋ ಅಲ್ಲವೋ ಹೇಳಿ ಎಂದಳು.

ಇಬ್ಬರೂ ಕಿವಿಗೊಟ್ಟು ಕೂತರು. ಹೊರಗೆ ಕೇಬಲ್‌ನವರು ಮಣ್ಣು ಅಗೆಯುವುದು ಕೇಳಿಸುತ್ತಿತ್ತು. ಮತ್ತೇನೂ ಇಲ್ಲ.

"ಶುರು ಮಾಡು ಅನ್ನಿ ಮೇಡಂ," ಎಂದ ಕನ್ನಡಕದವ.

ಮೆಟ್ಟಿಲ ಹತ್ತಿರ ಹೆಡ್ ಕಾನ್‌ಸ್ಟೇಬಲ್‌ನ ತಲೆ ಕಾಣಿಸಿತು. ಏದುಸಿರು ಬಿಡುತ್ತಿದ್ದ. "ಇಡೀ ಹಾಡೇ ಮುಗೀತು ಮೇಡಂ. ಪಾಪ, ಹುಡುಗ ನೀರು ಕುಡೀತಿದ್ದಾನೆ."

ಕನ್ನಡಕದವನ ಮುಖ ಬಿಳಿಚಿಕೊಂಡಿತು. ಬೆಳಗ್ಗೆ ಇನ್ನೂ ಜೋರಾಗಿತ್ತು ಎಂದು ತೊದಲಿದ.

"ನೀವು ಇಷ್ಟು ದಿನ ಕೇಳಿದ್ದು ಸ್ಪೀಕರಿನ ಹಾಡು," ಎಂದಳು ಇನ್ಸ್‌ಪೆಕ್ಟರ್. "ಅವನ ಗಂಟಲೇ ಹಾಗೆ ಅಂದ್ಕೊಂಡ್ರಿ. ಅದನ್ನೇ ನಂಬಿ ಕಥೆ ಕಟ್ಟಿದ್ರಿ."

ಉಳಿದದ್ದನ್ನೂ ಒಂದೊಂದಾಗಿ ಬಿಡಿಸಿಟ್ಟಳು. ಸ್ಟ್ಯಾಂಡು ಹುಡುಗನದೇ, ಅದರ ಮೇಲೆ ಅವನ ಗುರುತಿರುವುದು ಸಹಜ. ಹೊಡೆದವನು ಅವನಾಗಿದ್ದರೆ ನಡುವಿನ ಒಂದು ಗೇಣನ್ನು ಮಾತ್ರ ಒರೆಸಿ ಏನು ಸುಖ? ಒರೆಸುವ ಅಗತ್ಯ ಇದ್ದದ್ದು ಅದನ್ನು ಒಮ್ಮೆ ಮಾತ್ರ ಹಿಡಿದವನಿಗೆ. ತಾನು ಹಿಡಿದ ಜಾಗವನ್ನಷ್ಟೇ ಅವನು ಒರೆಸಿದ. ಎಷ್ಟಾದರೂ ದಿನವಿಡೀ ಗಾಜು ಒರೆಸುವ ಕೈ, ಕಬ್ಬಿಣವನ್ನೂ ಫಳಫಳ ಮಾಡಿಟ್ಟಿತು. ಅಂಗಡಿ ಹೋಗುತ್ತದೆಂಬ ಸುದ್ದಿ ಅವನಿಗೆ ಮುಟ್ಟಿದ್ದೂ ಇವತ್ತೇ.

ಹೆಡ್ ಕಾನ್‌ಸ್ಟೇಬಲ್ ಅಂಗಡಿಯನ್ನು ಜಾಲಾಡಿದ. ಗಾಜು ಉಜ್ಜುವ ಯಂತ್ರದ ಹಿಂದೆ ಲೆನ್ಸ್ ಒರೆಸುವ ಹಳದಿ ಬಟ್ಟೆ ಸಿಕ್ಕಿತು. ಅದಕ್ಕೆ ರಕ್ತ ಹತ್ತಿತ್ತು.

ಕನ್ನಡಕದವ ಕೂತಲ್ಲೇ ಕುಸಿದ. ಕೊನೆಗೆ ಬಾಯಿ ಬಿಟ್ಟ.

"ನಾನು ಒಂದು ನೊಣಾನೂ ಹೊಡೆದವನಲ್ಲ ಮೇಡಂ. ದಿನಾ ಆ ಹಾಡು. ಎತ್ತು, ಒಡೆ, ಎತ್ತು, ಒಡೆ. ಕೇಳಿ ಕೇಳಿ ತಲೆ ತುಂಬ ಅದೇ ಆಗಿತ್ತು. ಹೊಡೆದದ್ದು ನಾನಲ್ಲ, ಆ ಹಾಡು."

ನಿನ್ನೆಯಾಗಿದ್ದರೆ ಇನ್ಸ್‌ಪೆಕ್ಟರ್ ಈ ಮಾತಿಗೆ ಹೌದೆನ್ನುತ್ತಿದ್ದಳೋ ಏನೋ. ಈಗ ಅವಳಿಗೆ ಮೈಯೆಲ್ಲ ಉರಿಯಿತು.

"ಈ ಊರಿನ ಅರ್ಧ ಮಕ್ಕಳು ಆ ಹಾಡು ಕೇಳ್ತಾರೆ, ನನ್ನ ಮಗಳೂ ಸೇರಿ. ಅವರ್ಯಾರೂ ಅಣ್ಣನ್ನ ಕೊಂದಿಲ್ಲ. ಇವತ್ತು ಬೆಳಗ್ಗೆ ಆ ಕೋಣೇಲಿ ಹಾಡೇ ಇರ್ಲಿಲ್ಲ. ಇದ್ದದ್ದು ನೀವಿಬ್ಬರೇ."

ಹೆಡ್ ಕಾನ್‌ಸ್ಟೇಬಲ್ ಕನ್ನಡಕದವನ ಕೈಗೆ ಬೇಡಿ ತೊಡಿಸಿದ.